ಕತ್ತು, ಕತ್ತಿ

೧. ಅಮ್ಮ ಬಂದಳು

ಹೆಗ್ಗನಹಳ್ಳಿಯ ಎತ್ತಿನಗಾಡಿಯೊಂದು ನಮ್ಮ ಆಸ್ಪತ್ರೆಯ ಮುಂದೆ ನಿಂತಿತು. ಐವತ್ತರ ದಶಕದ ಕೊನೆ. ನಾನಲ್ಲಿ ಕಾಂಪೌಂಡರ್. ಗಾಡಿಯಲ್ಲಿ ಆ ಊರಿನ ಕ್ಷೌರಿಕ. ಯಾರೋ ಕಿವಿಯೊಳಗೆ ಬೈತಾರೆ ಅಂತಿದ್ದವನು. ಹಿಂದಿನ ವಾರ ಹೊಸದಾಗಿ ಬಂದಿದ್ದ ಮಾತ್ರೆ ಕೊಟ್ಟಿದ್ದೆವು. ದನಿ ನಿಂತಿತ್ತು. ಈಗ ಕತ್ತು ಹೆಗಲಿಗೆ ತಿರುಚಿಕೊಂಡಿತ್ತು, ಕಣ್ಣುಗುಡ್ಡೆ ಮೇಲೇರಿತ್ತು. ಕೊರಳಲ್ಲಿ ನಿಂಬೆಹಣ್ಣಿನ ಹಾರ.

"ಏನಿದು?" ಎಂದೆ.

"ಅಮ್ಮ ಬಂದವ್ಳೆ ಸಾಮಿ," ಎಂದ ಅವನ ಭಾವಮೈದುನ. "ಊರೆಲ್ಲ ಕಾಲಿಗೆ ಬಿದ್ದೈತೆ."

"ಮತ್ತೆ ಇಲ್ಲಿಗ್ಯಾಕೆ?"

"ಅಕ್ಕ ಬಿಡ್ಲಿಲ್ಲ."

ಕ್ಷೌರಿಕನ ಹೆಂಡತಿ ಗಾಡಿಯಿಂದ ಇಳಿದಳು. "ಅಮ್ಮ ಆಗಿದ್ರೆ ಮಾತಾಡೋಳು. ಇದು ನಿಮ್ಮ ಮಾತ್ರೆ."

ಹೌದು ಎಂದರು ಡಾಕ್ಟರು. ಇಂಜೆಕ್ಷನ್ ಬರೆದರು, ನಾನು ಚುಚ್ಚಿದೆ. ಕಾಲು ಗಂಟೆಯಲ್ಲಿ ಕತ್ತು ತಾನಾಗಿ ನೆಟ್ಟಗಾಯಿತು, ಕಣ್ಣು ಕೆಳಗಿಳಿಯಿತು. ನಾನು ಸೂಜಿಯನ್ನೇ ನೋಡುತ್ತ ನಿಂತೆ.

ಭಾವಮೈದುನ ನಿಂಬೆಹಾರ ತೆಗೆದು ನನ್ನ ಕೊರಳಿಗೆ ಹಾಕಿದ.

೨. ಸದ್ದಿಲ್ಲ

ತಿಂಗಳಾದ ಮೇಲೆ ಕ್ಷೌರಿಕ ಒಬ್ಬನೇ ಬಂದ. ಮುಖ ಮರದ ಹಲಗೆ. ಕೈ ನಡುಗುತ್ತಿತ್ತು.

"ತಲೆಯೊಳಗೆ ಸದ್ದಿಲ್ಲ ಸಾಮಿ. ಅಂಗಡೀಲೂ ಸದ್ದಿಲ್ಲ. ಕತ್ತಿ ತಗದ್ರೆ ಗೌಡ್ರು ನೊರೆ ಸಮೇತ ಓಡ್ತಾರೆ. ಮಾತ್ರೆ ಬಿಟ್ಬಿಡ್ತೀನಿ."

"ಬಿಟ್ರೆ ದನಿ ಬರುತ್ತೆ."

"ಬರ್ಲಿ. ಮಾತಿಗೊಬ್ರು ಸಿಕ್ಕಂಗಾಯ್ತು."

ಡಾಕ್ಟರು ಮಾತ್ರೆಯ ಪ್ರಮಾಣ ಇಳಿಸಿದರು. ನಡುಕಕ್ಕೆ ಇನ್ನೊಂದು ಮಾತ್ರೆ ಸೇರಿಸಿದರು. "ಎರಡು ವಾರ ನೋಡು. ಆಮೇಲೆ ಬಿಡೋ ಮಾತು."

೩. ಗಡ್ಡ

ಎರಡು ವಾರಕ್ಕೆ ಬಂದ. ಡಾಕ್ಟರು ಅವನ ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಅಲುಗಲಿಲ್ಲ. ಸಾಸಿವೆ ಕಾಳಿಗಿಂತ ತುಸು ದೊಡ್ಡ ಮಾತ್ರೆ ಮಾಡಿದ ಕೆಲಸ ಇದು.

"ಊರಲ್ಲಿ ನಂಬಲ್ಲ," ಎಂದ ಅವನು. "ಯಾರಾದ್ರೂ ಕೂತು, ಬದುಕಿ ಎದ್ದು ತೋರಿಸ್ಬೇಕು."

ಡಾಕ್ಟರು ನನ್ನ ಗಲ್ಲ ನೋಡಿದರು.

"ನಿಮ್ಮದಕ್ಕೇನಾಗಿದೆ ಸಾರ್?" ಎಂದೆ.

"ನಾನು ಗಡ್ಡ ಬಿಟ್ಟಿದೀನಲ್ಲಪ್ಪ."

ಭಾನುವಾರ ರಾಜಾಜಿನಗರದಿಂದ ಹೆಗ್ಗನಹಳ್ಳಿಗೆ ಸೈಕಲ್ ತುಳಿದೆ. ಹೊಂಗೆಮರದ ಕೆಳಗೆ ಮಣೆ. ಸುತ್ತ ಇಡೀ ಊರು. ಎಲ್ಲರಿಗಿಂತ ಮುಂದೆ ಅವನ ಹೆಂಡತಿ, ಬಾಯಿಗೆ ಸೆರಗು ಒತ್ತಿಕೊಂಡು. ಕತ್ತಿ ನನ್ನ ಗಂಟಲಿಗೆ ಬಂತು.

"ಮಾತ್ರೆ ತಗೊಂಡ್ಯೇನೋ?"

"ತಗೊಂಡೆ ಸಾಮಿ. ನೀವು ನಡುಗ್ಬ್ಯಾಡಿ."

ಗಡ್ಡ ಹೋಯಿತು. ನಾನೆದ್ದ ಮಣೆಯ ಮೇಲೆ ಗೌಡರು ಕೂತರು.