ಮೂವತ್ತಾರು ಇಂಚಿನ ಎದೆ

ಕತ್ತರಿ ಹೆಗಲ ತಿರುವು ದಾಟಿ ಕಂಕುಳ ಕಡೆಗೆ ಇಳಿಯುತ್ತಿದ್ದಾಗ ಸಣ್ಣ ಟೇಲರಿಗೆ ಅನುಮಾನ ಬಂತು. ಆದರೆ ಕತ್ತರಿ ಅನುಮಾನಕ್ಕಿಂತ ಚುರುಕು. ಕರ್ ಕರ್ ಎಂದು ಬಟ್ಟೆಯ ತುದಿ ಮುಟ್ಟಿಯೇ ನಿಂತಿತು. ಕೋಟಿನ ಮುಂಭಾಗವನ್ನು ಅವನು ಎತ್ತಿ ಬೆಳಕಿಗೆ ಹಿಡಿದ. ಅದು ಹೆಡ್‌ಮೇಷ್ಟ್ರ ಕೋಟಿನಂತೆ ಕಾಣಲಿಲ್ಲ. ಕೊಡೆಗೆ ಹೊಲಿಯುವ ಚೀಲದಂತೆ ಕಂಡಿತು.

"ಚಿಕ್ಕಪ್ಪ, ಎದೆ ಎಷ್ಟು ಅಂದ್ರಿ?"

"ಮೂವತ್ತಾರು," ಎಂದರು ಚಿಕ್ಕಪ್ಪ, ಅಳತೆ ಪುಸ್ತಕವನ್ನು ಮೂಗಿನಿಂದ ಒಂದು ಮೊಳ ದೂರ ಹಿಡಿದುಕೊಂಡು.

"ಹೆಡ್‌ಮೇಷ್ಟ್ರು ಕೂತ್ರೆ ಬೆಂಚು ಅಳುತ್ತೆ. ಅವರ ಎದೆ ಮೂವತ್ತಾರಾ?"

ಸಣ್ಣ ಟೇಲರು ಪುಸ್ತಕವನ್ನು ಕಿತ್ತುಕೊಂಡು ನೋಡಿದ. ತೆರೆದಿದ್ದುದು ಯಾರೋ ಬ್ಯಾಂಡ್ ಮೇಷ್ಟ್ರ ಪುಟ. ಅದೂ ತಲೆಕೆಳಗಾಗಿತ್ತು.

"ನೀವು ಪುಸ್ತಕ ನೋಡ್ಲೇ ಇಲ್ವಾ?"

"ನೋಡೋದೇನೋ ಅದರಲ್ಲಿ? ನಲವತ್ತು ವರ್ಷದಿಂದ ಎಲ್ಲಾ ಬಾಯಿಪಾಠ. ಎದೆ ಮೂವತ್ತಾರು, ಸೊಂಟ ಮೂವತ್ತು, ತೋಳು ಇಪ್ಪತ್ನಾಲ್ಕೂವರೆ..." ಚಿಕ್ಕಪ್ಪ ತಟ್ಟನೆ ನಿಂತರು. "ಅಯ್ಯೋ. ಇದು ಅವರ ಅಪ್ಪಂದು ಕಣೋ."

"ಅವರಪ್ಪ ಸತ್ತು ಇಪ್ಪತ್ತು ವರ್ಷ ಆಯ್ತು!"

"ಅದಕ್ಕೇ ಅಳತೆ ಬದಲಾಗಿಲ್ಲ."

ಅಜ್ಜ ಈ ಅಂಗಡಿಯನ್ನು ಶುರುಮಾಡಿದ್ದು ಒಂದು ಮಷೀನು, ಒಂದು ಕತ್ತರಿ ಮತ್ತು ಎರಡು ನಿಯಮಗಳಿಂದ. ಮೊದಲನೆಯದು, ಹಳೇ ಮನೆತನದ ಗಿರಾಕಿಯನ್ನು ಮತ್ತೆ ಅಳೆಯಬಾರದು. ಅಳತೆ ಪುಸ್ತಕದಲ್ಲಿದೆ. ಒಬ್ಬ ಗಟ್ಟಿಯಾಗಿ ಓದಬೇಕು, ಕತ್ತರಿಸುವವನು ಬಟ್ಟೆಯಿಂದ ಕಣ್ಣು ತೆಗೆಯಬಾರದು. ಎರಡನೆಯದು, ಮನೆಯಲ್ಲಿ ದೊಡ್ಡ ಕತ್ತರಿ ಒಬ್ಬನ ಕೈಯಲ್ಲಿ ಮಾತ್ರ. ಅವನು ಗಿರಾಕಿಯ ಬಟ್ಟೆ ಕೆಡಿಸಿದರೆ ಕತ್ತರಿ ಕೆಳಗಿಟ್ಟು ಮೂಲೆಯ ಸ್ಟೂಲಿನ ಮೇಲೆ ಕೂತು ಜೀವನಪರ್ಯಂತ ಕಾಜಾ ಹೊಲಿಯಬೇಕು. ಚಿಕ್ಕಪ್ಪ ಇಪ್ಪತ್ತಮೂರನೇ ವಯಸ್ಸಿನಲ್ಲಿ ಒಬ್ಬ ಎಂಜಿನಿಯರ ಕೋಟಿಗೆ ಎರಡೂ ಎಡತೋಳು ಕತ್ತರಿಸಿದ್ದರು. ಅವತ್ತು ಆ ಸ್ಟೂಲಿನಲ್ಲಿ ಕೂತವರು ಇವತ್ತಿಗೂ ಅಲ್ಲೇ ಇದ್ದಾರೆ. ಸಣ್ಣ ಟೇಲರೂ ಅವರ ಪಕ್ಕದಲ್ಲಿ ಹದಿನಾರು ವರ್ಷ ಗುಂಡಿಯ ತೂತುಗಳನ್ನು ಹೊಲಿದವನೇ. ಕತ್ತರಿ ಕೈಗೆ ಬಂದು ಆರು ತಿಂಗಳಾಗಿತ್ತು. ಹೆಂಡತಿ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಗಿತ್ತು.

ಬಟ್ಟೆಯಾದರೂ ಎಂಥದ್ದು! ಹೆಡ್‌ಮೇಷ್ಟ್ರು ಪೆಟ್ಟಿಗೆಯಲ್ಲಿ ಕಾಲು ಶತಮಾನ ಕಾಪಾಡಿದ್ದ ಉಣ್ಣೆ. ಅದನ್ನು ನೇಯ್ದ ಗಿರಣಿಯೇ ಈಗ ಇಲ್ಲ. ಆರೇಳು ತಿಂಗಳಿಂದ ಅವರು ಮಗಳ ಊರಿನಲ್ಲಿದ್ದರು. ಬಟ್ಟೆಯನ್ನು ಅಲ್ಲಿಂದಲೇ ಕಳುಹಿಸಿ, ಇವತ್ತು ಸಂಜೆ ರೈಲಿಳಿದು ನೇರ ಐದಕ್ಕೆ ಟ್ರಯಲ್ಲಿಗೆ ಬರುವುದಾಗಿ ಚೀಟಿ ಬರೆದಿದ್ದರು. ಏಳನೇ ಕ್ಲಾಸಿನಲ್ಲಿ ಅವರ ಬೆತ್ತ ಬಿದ್ದಿದ್ದ ಸಣ್ಣ ಟೇಲರ ಅಂಗೈ ಈಗಲೇ ಚುರುಗುಟ್ಟತೊಡಗಿತು.

"ಉಳಿದಿರೋ ಬಟ್ಟೇಲಿ ಪಕ್ಕಕ್ಕೆ ಪಟ್ಟಿ ಕೊಡೋಣ. ಎಲ್ಲಿದೆ ಅದು?"

ಚಿಕ್ಕಪ್ಪ ಹೆಮ್ಮೆಯಿಂದ ಒಂದು ಬುಟ್ಟಿ ತೋರಿಸಿದರು. ಉಳಿದ ಬಟ್ಟೆಯನ್ನೆಲ್ಲ ಅವರು ಆಗಲೇ ಕಾಲರು, ಜೇಬಿನ ಮುಚ್ಚಳ ಎಂದು ಸಣ್ಣ ಕತ್ತರಿಯಲ್ಲಿ ತುಂಡು ಮಾಡಿ ಮುಗಿಸಿದ್ದರು. ನಲವತ್ತು ವರ್ಷದಲ್ಲಿ ಅವರು ಇಷ್ಟು ಚುರುಕಾಗಿದ್ದುದು ಇದೊಂದೇ ದಿನ.

ಹೊರಗೆ ಚಪ್ಪಲಿಯ ಸದ್ದಾಯಿತು. ಹನ್ನೊಂದು ಗಂಟೆ. ದೊಡ್ಡ ಟೇಲರು, ಅಂದರೆ ಅಪ್ಪ, ಒಳಗೆ ಬಂದರು. ಸಣ್ಣ ಟೇಲರು ಬೇರೇನೂ ತೋಚದೆ ಕತ್ತರಿಸಿದ ತುಂಡುಗಳ ಮೇಲೆ ಹತ್ತಿ ಕೂತ.

"ಮೇಜಿನ ಮೇಲೆ ಕೂರ್ತಾರೇನೋ?"

"ಸೊಂಟ ಹಿಡ್ಕೊಂಡಿದೆ ಅಪ್ಪ."

ಅಷ್ಟರಲ್ಲಿ ಎದುರಿನ ಗುಂಡಿ ಅಂಗಡಿಯವನು ಅಂಗೈಯಲ್ಲಿ ಆರು ಗುಂಡಿ ಕುಲುಕುತ್ತಾ ಬಂದ. ಊರಿನವರ ಸಂಕಟಗಳನ್ನು ಅವನು ಸೊಳ್ಳೆಯಂತೆ ವಾಸನೆ ಹಿಡಿದೇ ಬರುತ್ತಿದ್ದ.

"ದೊಡ್ಡ ಟೇಲರೇ, ಹೆಡ್‌ಮೇಷ್ಟ್ರ ಹೊಟ್ಟೆ ತಡೆಯೋ ಗುಂಡಿ ತಂದಿದೀನಿ. ಬಟ್ಟೆ ತೋರ್ಸಿ, ಬಣ್ಣ ಹೊಂದಿಸ್ತೀನಿ."

"ತೋರಿಸೋ," ಎಂದರು ಅಪ್ಪ.

"ಇ... ಇಸ್ತ್ರಿಗೆ ಕಳಿಸಿದೀನಿ."

"ಯಾರ ಇಸ್ತ್ರಿಗೆ?" ಬಾಗಿಲಿನಿಂದ ಇನ್ನೊಂದು ದನಿ. ಇಸ್ತ್ರಿ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಬೆಳಗ್ಗಿಂದ ಒಂದು ಚಿಂದೀನೂ ನನ್ನ ಹತ್ರ ಬಂದಿಲ್ಲ. ಹನ್ನೆರಡು ವರ್ಷ ನಿಮ್ಮ ಬಟ್ಟೆ ಉಜ್ಜಿ ನನ್ನ ಭುಜ ಬಿದ್ದುಹೋಯ್ತು. ಈಗ ಯಾವಳನ್ನ ಹಿಡ್ಕೊಂಡ್ರಿ, ಹೇಳಿ!"

"ಅಕ್ಕ, ಸ್ವಲ್ಪ ಮೆಲ್ಲಗೆ..."

"ಮೆಲ್ಲಗೆ ಯಾಕೆ? ನಾನೇನು ಕದ್ದಿದೀನಾ?"

ಅವಳನ್ನು ಸಮಾಧಾನ ಮಾಡಲು ಅಪ್ಪ ಬೀದಿಗಿಳಿದರು. ಆ ಗದ್ದಲದಲ್ಲಿ ಸಣ್ಣ ಟೇಲರು ತುಂಡುಗಳನ್ನೆಲ್ಲ ಅಂಗಿಯೊಳಗೆ ತುರುಕಿಕೊಂಡು, ಎಂಟು ತಿಂಗಳ ಬಸುರಿಯಂತೆ ಹಿಂದಿನ ಕೋಣೆಗೆ ನುಸುಳಿದ. ಚಿಕ್ಕಪ್ಪ ಹಿಂಬಾಲಿಸಿದರು. ಯಾರೂ ಕರೆಯದಿದ್ದರೂ ಗುಂಡಿಯವನೂ ಬಂದ. ವಿಷಯ ತಿಳಿದ ಕೂಡಲೇ ಅವನ ಮುಖ ಅರಳಿತು.

"ಬಟ್ಟೆ ಕುಗ್ಗಿಹೋಯ್ತು ಅಂದುಬಿಡಿ."

"ಪುಸ್ತಕದಲ್ಲಿ ಅವರ ಎದೆ ನಲವತ್ನಾಲ್ಕು. ಎಂಟು ಇಂಚು ಕುಗ್ಗುತ್ತೇನಯ್ಯ?"

"ಹಾಗಾದ್ರೆ ಊರು ಬಿಡು. ಮಧ್ಯಾಹ್ನ ಒಂದು ಬಸ್ಸಿದೆ."

"ಸುಮ್ನೆ ಕಚ್ಚಾ ಹೊಲಿಗೆ ಹಾಕು," ಎಂದರು ಚಿಕ್ಕಪ್ಪ. "ಸ್ಟೂಲಿನ ಇನ್ನೊಂದು ಕಡೆ ಜಾಗ ಮಾಡ್ತೀನಿ. ಒಬ್ಬನೇ ಕೂತು ನನಗೂ ಬೇಜಾರಾಗಿದೆ."

ಅವನು ಹೊಲಿದ. ಒಂದೊಂದು ಹೊಲಿಗೆಯೂ ತನ್ನ ಚರ್ಮಕ್ಕೇ ಬಿದ್ದಂತೆ ಹೊಲಿದ. ಗೋಡೆಯ ಗಡಿಯಾರ ಮೊದಲು ಕುಂಟಿತು, ಆಮೇಲೆ ಓಡಿತು. ಐದಕ್ಕೆ ಐದು ನಿಮಿಷ ಇರುವಾಗ ಬಾಗಿಲಲ್ಲಿ ಕಡ್ಡಿಯಂಥ ಮುದುಕರೊಬ್ಬರು ಬಂದು ನಿಂತರು. ಅವರ ಅಂಗಿ ಹಾಯಿಯಂತೆ ಪಟಪಟ ಬಡಿಯುತ್ತಿತ್ತು.

"ಆಮೇಲೆ ಬನ್ನಿ ಸಾರ್," ಎಂದ ಸಣ್ಣ ಟೇಲರು ಬೆವರೊರೆಸಿಕೊಂಡು. "ಈಗ ಹೆಡ್‌ಮೇಷ್ಟ್ರು ಬರ್ತಾರೆ."

"ಬಂದಾಯ್ತು, ದಡ್ಡ!"

ಆ ದನಿ ಮಾತ್ರ ಒಂದು ಇಂಚೂ ಇಳಿದಿರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ, ಅಪ್ಪನೂ ಸೇರಿ, ಎದ್ದು ನಿಂತರು.

"ಡಾಕ್ಟರು ಸಕ್ಕರೆ, ಎಣ್ಣೆ, ಕೋಪ ಮೂರನ್ನೂ ಬಿಡಿ ಅಂದ್ರು. ಎರಡು ಬಿಟ್ಟೆ," ಎಂದರು ಹೆಡ್‌ಮೇಷ್ಟ್ರು. "ಎಲ್ಲಿ ಕೋಟು?"

ಸಣ್ಣ ಟೇಲರು ಕಣ್ಣು ಮುಚ್ಚಿ ಕೋಟು ಹಿಡಿದ. ತೋಳು ಸರಾಗವಾಗಿ ಹೋಯಿತು. ಹೆಗಲು ಕೂತಿತು. ಎದೆ ಸುಕ್ಕಿಲ್ಲದೆ ಮುಚ್ಚಿಕೊಂಡಿತು. ಹೆಡ್‌ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಕಾಲರು ಸರಿಮಾಡಿಕೊಂಡರು.

"ನಮ್ಮಪ್ಪನ ಹಾಗೇ ಕಾಣ್ತೀನಿ," ಎಂದರು ಮೆತ್ತಗೆ. ಮರುಕ್ಷಣ ತಿರುಗಿದರು. "ಸಣ್ಣಗಾದದ್ದನ್ನ ಬೇಕಂತ್ಲೇ ತಿಳಿಸಿರ್ಲಿಲ್ಲ. ಪರೀಕ್ಷೆ ಇಟ್ಟಿದ್ದೆ. ಅಳೀಲಿಲ್ಲ, ನೋಡ್ಲಿಲ್ಲ, ಆದ್ರೂ ಹೊಂದಿಸಿದ್ದಾನೆ! ದೊಡ್ಡ ಟೇಲರೇ, ನಿಮ್ಮ ಮಗ ಸಾಮಾನ್ಯ ಅಲ್ಲ."

ಗುಂಡಿಯವನು, ತಾನು ಬೆಳಗ್ಗಿಂದಲೂ ಇದನ್ನೇ ಹೇಳುತ್ತಿದ್ದೆ ಎಂದ. ಇಸ್ತ್ರಿ ಅಕ್ಕ ಕಣ್ಣೊರೆಸಿಕೊಂಡಳು.

"ಸೋಮವಾರ ನಮ್ಮ ಶಾಲೆ ಸಮಿತಿಯ ಹನ್ನೊಂದು ಜನರ ಬಟ್ಟೆ ಕಳಿಸ್ತೀನಿ," ಎಂದರು ಹೆಡ್‌ಮೇಷ್ಟ್ರು ಹೊರಡುತ್ತಾ. "ಎಲ್ಲಾ ಹೊಸಬರು. ಒಬ್ಬರನ್ನೂ ಅಳೀಬಾರದು. ಇವನೇ ಮನಸ್ಸಲ್ಲೇ ನೋಡಿ ಕತ್ತರಿಸ್ಲಿ. ಎಲ್ಲರಿಗೂ ಬಾಜಿ ಕಟ್ಟಿ ಹೇಳ್ತೀನಿ!"

ಅಂಗಡಿ ಖಾಲಿಯಾಯಿತು. ಸಣ್ಣ ಟೇಲರ ಕಣ್ಣ ಮುಂದೆ ಹನ್ನೊಂದು ಮುಖವಿಲ್ಲದ ಎದೆಗಳು ಸಾಲಾಗಿ ನಿಂತು ಉಸಿರಾಡುತ್ತಿದ್ದವು. ಬೆಳಗ್ಗಿನಿಂದ ಯಾವ ಸ್ಟೂಲಿಗೆ ಹೆದರಿದ್ದನೋ ಅದು ಈಗ ಹಾಸಿಗೆಯಷ್ಟು ಹಿತವಾಗಿ ಕಂಡಿತು. ಅವನು ಎರಡೂ ಕೈಯಲ್ಲಿ ಕತ್ತರಿ ಹಿಡಿದು ಅಪ್ಪನ ಮುಂದೆ ನಿಂತ. ಮೂವತ್ತಾರು, ನಲವತ್ನಾಲ್ಕು, ಅಂಗಿಯೊಳಗಿನ ತುಂಡು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡ.

"ತಗೊಳ್ಳಿ ಅಪ್ಪ. ನಾನು ಸ್ಟೂಲಿಗೆ ಹೋಗ್ತೀನಿ. ಸೋಮವಾರದಿಂದ ನೀವೇ ಕತ್ತರಿಸಿ."

ಅಪ್ಪ ಕತ್ತರಿಯನ್ನು ನೋಡಿದರು. ಅವರ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

"ಮೂವತ್ತೆರಡು ವರ್ಷ ದಿನಾ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ವಾಂತಿ ಮಾಡ್ತಿದ್ದೆ ಕಣೋ," ಎಂದರು. "ಈ ಆರು ತಿಂಗಳಿಂದ ಹೊಟ್ಟೇಲಿ ತಿಂದದ್ದು ನಿಲ್ತಿದೆ."

"ಆದ್ರೆ ಅಜ್ಜನ ನಿಯಮ..."

"ನಿಯಮ ನಿಮ್ಮಜ್ಜಂದು. ಹೊಟ್ಟೆ ನಂದು."

"ಅಪ್ಪ, ದಯವಿಟ್ಟು ಹಿಡ್ಕೊಳ್ಳಿ."

"ಬೇಡ," ಎಂದರು ಅಪ್ಪ.