ಅತ್ತೆಯ ಮಂಡಿಗೆ ಜಪಾನೀ ಸ್ನಾನ

ಬೇರೆಯವರು ಅತ್ತೆ-ಮಾವಂದಿರನ್ನು ನಯಾಗರಾಕ್ಕೆ ಕರೆದುಕೊಂಡು ಹೋಗಿ, ನಾಲ್ಕು ಫೋಟೋ ತೆಗೆದು, ತೆಪ್ಪಗೆ ಮನೆಗೆ ಬರುತ್ತಾರೆ. ನಾವು ಹೊರಟರೆ ಮಾತ್ರ ಏನಾದರೊಂದು ಎಡವಟ್ಟು ಆಗದೆ ವಾಪಸ್ ಬಂದದ್ದೇ ಇಲ್ಲ. ಈ ಪ್ರಸಂಗಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ, ಜೊತೆಗೆ ಸ್ವಲ್ಪ ಹೊಟ್ಟೆಯುರಿಯೂ.

2017ರ ಚಳಿಗಾಲದಲ್ಲಿ ನಮ್ಮತ್ತೆ ಉಡುಪಿಯಿಂದ ಮಿಸಿಸಾಗದ ನಮ್ಮ ಮನೆಗೆ ಬಂದಿದ್ದರು. ಆರು ತಿಂಗಳು ಇರಲು ಅನುಮತಿ, ಆದರೆ ಟಿಕೆಟ್ ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ನನ್ನ ಅಡುಗೆಮನೆಯ ಡಬ್ಬಗಳೆಲ್ಲ ಎರಡೆರಡು ಸಲ ಜಾಗ ಬದಲಿಸಿದ್ದವು. ನನ್ನ ಮೈಸೂರು ಸಾರಿಗೆ ಬೆಲ್ಲ ಸಾಲದು ಎಂಬ ತೀರ್ಪು ದಿನಾ ಬರುತ್ತಿತ್ತು. ಹೊರಡಲು ಇನ್ನು ಎಂಟೇ ದಿನ ಎನ್ನುವಾಗ ಚಳಿಗೆ ಅವರ ಮಂಡಿ ಹಿಡಿದುಕೊಂಡಿತು.

"ಕಾಲು ಮಡಚಲಿಕ್ಕೇ ಆಗುವುದಿಲ್ಲ. ವಿಮಾನದಲ್ಲಿ ಹೇಗೆ ಕೂರುವುದು? ಟಿಕೆಟ್ ಮುಂದೆ ಹಾಕುವಾ" ಎಂದರು.

ಸುಳ್ಳು ಯಾಕೆ ಹೇಳಲಿ, ಆ ಮಂಡಿ ಮಡಚಲಿ ಎಂದು ಅವರಿಗಿಂತ ಹೆಚ್ಚು ಹಂಬಲಿಸಿದವಳು ನಾನೇ. ಪಿಕರಿಂಗ್ ಊರಿನ ಆಚೆ ಒಂದು ಜಪಾನೀ ವಸತಿಮನೆ ಇದೆ, ಅಲ್ಲಿಯ ಬಿಸಿನೀರಲ್ಲಿ ಕೂತರೆ ಎಂಥಾ ಕೀಲುನೋವೂ ಇಳಿಯುತ್ತದೆ ಎಂದು ಆಫೀಸಿನ ಗೆಳತಿ ಹೇಳಿದಳು. ಅವಳ ಮಾತು ಮುಗಿಯುವಷ್ಟರಲ್ಲಿ ಶನಿವಾರಕ್ಕೆ ರೂಮು ಬುಕ್ ಮಾಡಿದ್ದೆ.

ನೀರು ಎಲ್ಲಿಯದು

ಪಿಕರಿಂಗ್ ಹತ್ತಿರ ಬಂದಾಗ ನನ್ನ ಗಂಡ ಲೇಕ್ ಕಡೆ ಕೈ ತೋರಿಸಿ, "ಅಮ್ಮ, ಅಲ್ಲಿ ಅಣು ವಿದ್ಯುತ್ ಸ್ಥಾವರ ಉಂಟು" ಎಂದರು. ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಬಹುದಿತ್ತು.

ಅತ್ತೆ ಆ ಕಡೆ ಬಗ್ಗಿ ನೋಡಿ, "ಹಾಗಾದರೆ ನಾವು ಮೀಯುವ ಬಿಸಿನೀರು ಅಲ್ಲಿಂದ ಬರುವುದಾ?" ಎಂದು ಕೇಳಿದರು.

ಇಲ್ಲ ಎಂದು ಒಂದು ಮಾತಲ್ಲಿ ಮುಗಿಸಬೇಡವೇ? ಇವರು ಎಂಜಿನಿಯರು ನೋಡಿ, ಯುರೇನಿಯಂನಿಂದ ಶುರುಮಾಡಿ ಟರ್ಬೈನಿನವರೆಗೆ ಕಾಲು ಗಂಟೆ ವಿವರಿಸಿದರು. ಅತ್ತೆ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, "ನಾನು ಆ ನೀರಿಗೆ ಇಳಿಯುವುದಿಲ್ಲ" ಎಂದುಬಿಟ್ಟರು.

ವಸತಿಮನೆಯ ಒಡತಿ ಎಪ್ಪತ್ತು ದಾಟಿದ ಜಪಾನೀ ಅಜ್ಜಿ. ಹೋದ ಕೂಡಲೇ ನೀರಿನ ಮೂಲ ವಿಚಾರಿಸಿದೆ. ಪಾಪ, ಅವರು ಮುಚ್ಚುಮರೆ ಮಾಡಲಿಲ್ಲ. ಈ ಸೀಮೆಯಲ್ಲಿ ಬಿಸಿನೀರಿನ ಬುಗ್ಗೆ ಎಲ್ಲಿಂದ ತರಲಿ, ಬೋರ್‌ವೆಲ್ ನೀರನ್ನೇ ಬಾಯ್ಲರಲ್ಲಿ ಕಾಯಿಸಿ ಜಪಾನಿನಿಂದ ತರಿಸಿದ ಉಪ್ಪಿನ ಪುಡಿ ಬೆರೆಸುತ್ತೇವೆ ಎಂದರು. ನಾನದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆಗೆ ಭಯ ಹೋಗಿ ಸಿಟ್ಟು ಬಂತು.

"ಗೀಸರ್ ನೀರಿಗೆ ಉಪ್ಪು ಹಾಕಿ ಮೀಯಲಿಕ್ಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ಮನೆಯಲ್ಲಿ ಉಪ್ಪು ಇರಲಿಲ್ಲವಾ?"

ಚಪ್ಪಲಿ ಶಾಸ್ತ್ರ

ಅಲ್ಲಿ ಬೂಟು ಬಾಗಿಲಲ್ಲೇ ಬಿಡಬೇಕು. ಒಳಗೆ ಓಡಾಡಲು ಒಂದು ಜೊತೆ ಚಪ್ಪಲಿ, ಚಾಪೆ ಹಾಸಿದ ಕೋಣೆಗೆ ಬರಿಗಾಲು. ಟಾಯ್ಲೆಟ್ಟಿಗೆ ಬೇರೆಯದೇ ಚಪ್ಪಲಿ, ಅದು ಆ ಹೊಸಿಲು ದಾಟುವಂತಿಲ್ಲ. ಅತ್ತೆಗೆ ಈ ಮಡಿ ಬಹಳ ಹಿಡಿಸಿತು.

ತೊಡಲು ಎಲ್ಲರಿಗೂ ಒಂದೊಂದು ಹತ್ತಿಯ ನಿಲುವಂಗಿ ಕೊಟ್ಟರು. ಅತ್ತೆ ಅದನ್ನು ಸೀರೆಯ ಮೇಲೇ ತೊಟ್ಟರು. ರಾತ್ರಿಯೂಟಕ್ಕೆ ಎಲ್ಲರೂ ನೆಲದಲ್ಲೇ ಕೂರಬೇಕು, ಮಂಡಿ ಮಡಚದ ಅತ್ತೆಗೆ ಮಾತ್ರ ಒಂದು ಸ್ಟೂಲು. ಆಗ ಬಂದರು ನನ್ನ ಗಂಡ. ನಿಲುವಂಗಿಯನ್ನು ಊರಲ್ಲಿ ಮುಂಡು ಎತ್ತಿ ಕಟ್ಟುವ ಹಾಗೆ ಮೊಣಕಾಲ ಮೇಲೆ ಎತ್ತಿ ಕಟ್ಟಿದ್ದರು. ಕಾಲಲ್ಲಿ ಟಾಯ್ಲೆಟ್ ಚಪ್ಪಲಿ.

ಅಜ್ಜಿ ಸೂಪಿನ ಬಟ್ಟಲು ಕೆಳಗಿಟ್ಟು ಜಪಾನಿಯಲ್ಲಿ ಶುರುಮಾಡಿದರು. ಅದೇ ಹೊತ್ತಿಗೆ ಅತ್ತೆ ತುಳುವಿನಲ್ಲಿ ಶುರುಮಾಡಿದರು. ನನಗೆ ಎರಡೂ ಬಾರದು, ಆದರೆ ಇಬ್ಬರೂ ಹೇಳುತ್ತಿರುವುದು ಒಂದೇ ಎಂದು ಚೆನ್ನಾಗಿ ತಿಳಿಯಿತು. ನನ್ನ ಗಂಡ ಚಪ್ಪಲಿ ಬಿಟ್ಟು ಬರಲು ಹೋದರು.

ಅತ್ತೆ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿ ನನಗೆ ಹೇಳಿದರು, "ಒಳ್ಳೆ ಮನೆತನದವರು."

ಎಣ್ಣೆ

ಮರುದಿನ ಬೆಳಿಗ್ಗೆ ಸ್ನಾನ. ಹೆಂಗಸರಿಗೆ ಬೇರೆ ಕೊಳ, ಆದರೆ ಮೈಮೇಲೆ ಒಂದು ಎಳೆ ಬಟ್ಟೆ ಇರಬಾರದು. "ಹೊಳೆಯಲ್ಲಿ ಮಿಂದ ಹಾಗೆ ಸೀರೆಯಲ್ಲೇ ಇಳಿಯುತ್ತೇನೆ" ಎಂದರು ಅತ್ತೆ. ಆಗುವುದಿಲ್ಲ ಎಂದು ಅಜ್ಜಿ ತಲೆಯಾಡಿಸಿದರು. ಫ್ಲೈಟಿಗೆ ಎಂಟು ದಿನ ಹೋಗಿ ಆರಾಗಿತ್ತು. ನಾನು ಅಜ್ಜಿಗೆ ಕೈಮುಗಿದು ಕೇಳಿಕೊಂಡೆ. ಕೊನೆಗೆ ಅಜ್ಜಿ, ಒಂದು ಗಂಟೆ ಬೇರೆ ಯಾರನ್ನೂ ಬಿಡುವುದಿಲ್ಲ, ಇವರೊಬ್ಬರೇ ಇಳಿಯಲಿ ಎಂದರು. ನಾನು ಹೊರಗೆ ಕಾವಲು ಕೂತೆ.

ಹತ್ತು ನಿಮಿಷಕ್ಕೆ ಎಳ್ಳೆಣ್ಣೆಯ ವಾಸನೆ ಬಂತು. ಅಜ್ಜಿಯ ಮೂಗಿಗೂ ಬಂತು. ಇಬ್ಬರೂ ಒಳಗೆ ಓಡಿದೆವು. ಅತ್ತೆ ಒಂದು ಟವೆಲ್ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ನೆತ್ತಿಯಿಂದ ಪಾದದವರೆಗೆ ಮಿರಮಿರ ಮಿಂಚುತ್ತಿದ್ದರು.

"ಬಿಸಿನೀರು ಅಂದರೆ ಎಣ್ಣೆಸ್ನಾನ ಅಲ್ಲವಾ? ಬರಿಮೈಗೆ ಯಾರಾದರೂ ಬಿಸಿನೀರು ಹಾಕುತ್ತಾರಾ?" ಎಂದರು.

ಕೊಳಕ್ಕೆ ಎಣ್ಣೆ ಬಿದ್ದರೆ ಪೂರ್ತಿ ನೀರು ಚೆಲ್ಲಬೇಕು ಎಂದು ಅಜ್ಜಿ ತಲೆಮೇಲೆ ಕೈಹೊತ್ತರು. ನಮ್ಮನ್ನು ಓಡಿಸುತ್ತಾರೆ, ಮಂಡಿಯ ಕಥೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಕೈಚೀಲದಿಂದ ಕಡಲೆಹಿಟ್ಟು, ಸೀಗೆಪುಡಿಯ ಪೊಟ್ಟಣ ತೆಗೆದು ಅಜ್ಜಿಯ ಕೈಯಲ್ಲಿಟ್ಟು ಬೆನ್ನು ತಿರುಗಿಸಿ ಕೂತರು. ಆ ಮಹಾತಾಯಿ ಅಂಗಿಯ ತೋಳು ಮಡಚಿ, ಉಜ್ಜತೊಡಗಿದರು. ನನ್ನನ್ನು ಇಬ್ಬರೂ ಸೇರಿ ಹೊರಗೆ ಹಾಕಿದರು.

ಒಂದು ಗಂಟೆ ಎರಡಾಯಿತು. ಒಳಗಿನಿಂದ ನಗು ಕೇಳುತ್ತಿತ್ತು. ಅಜ್ಜಿಗೂ ಮಂಡಿ ನೋವೆಂದು ಅತ್ತೆಗೆ ಕೈಸನ್ನೆಯಲ್ಲೇ ತಿಳಿಯಿತಂತೆ, ಉಳಿದ ಎಣ್ಣೆ ಅವರ ಕಾಲಿಗೆ ಹೋಯಿತಂತೆ. ಅತ್ತೆ ಕೆಂಪಗಾಗಿ ಹೊರಬಂದವರೇ ಚಾಪೆಯ ಮೇಲೆ ಸಲೀಸಾಗಿ ಚಕ್ಕಳಮಕ್ಕಳ ಹಾಕಿ ಕೂತು ಟೀ ಕುಡಿದರು. ಮಂಡಿ ಮಡಚಿತ್ತು. ನನಗೆ ಸಂತೋಷಕ್ಕೆ ಕಣ್ಣು ತುಂಬಿಬಂತು. ಶನಿವಾರದ ಫ್ಲೈಟು, ನನ್ನ ಡಬ್ಬಗಳು, ನನ್ನ ಸಾರು, ಎಲ್ಲ ಕಣ್ಣಮುಂದೆ ಬಂದವು.

ಅತ್ತೆ ಟೀ ಲೋಟ ಕೆಳಗಿಟ್ಟು ಮಗನನ್ನು ಕರೆದರು. "ಮಾರಾಯ, ಟಿಕೆಟ್ ಎರಡು ತಿಂಗಳು ಮುಂದೆ ಹಾಕು. ಇನ್ನೂ ಇರಲಿಕ್ಕೆ ಅವಕಾಶ ಉಂಟಲ್ಲ. ಪ್ರತಿ ಭಾನುವಾರ ಬಂದು ಅವರ ಕಾಲಿಗೆ ಎಣ್ಣೆ ಹಚ್ಚುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ."

ನಾನು ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಸಿದೆ.

ಅತ್ತೆ ಗಾಬರಿಯಿಂದ ನನ್ನ ಕಾಲು ಮುಟ್ಟಿ ನೋಡಿದರು. "ನಿನಗೂ ಮಂಡಿ ನೋವಾ ಮಾರಾಯ್ತಿ? ಮೊದಲೇ ಹೇಳಬಾರದಾ, ಸ್ವಲ್ಪ ಎಣ್ಣೆ ಉಳಿಸುತ್ತಿದ್ದೆ."