ಒಡವೆ ತಿರುಗಿಸಿ ನೋಡುವ ಚಾಳಿ

ನಾನು ಓದಿಕೊಂಡದ್ದು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಸ್, ರೋಮ್, ಈಜಿಪ್ಟ್ ಕಡೆ ಬಾಳಿದ ಹೆಂಗಸರ ಒಡವೆಗಳ ಬಗ್ಗೆ. ಮಾನ ಹೋಗುವುದು ಮಾತ್ರ ಪ್ರತಿ ಸಲವೂ ನಾನು ಪಾಠ ಹೇಳುವ ಪುಣೆಯಲ್ಲಿ, ಅದೂ ಗುರುತಿನವರ ಎದುರಿಗೇ.

ಎಲ್ಲದಕ್ಕೂ ಕಾರಣ ನಮ್ಮ ಕಸುಬಿನ ಒಂದು ಚಾಳಿ. ಮಿಕ್ಕವರು ಒಡವೆಯ ಮುಖ ನೋಡಿದರೆ ನಾವು ಅದರ ಬೆನ್ನು ನೋಡುತ್ತೇವೆ. ಬೆಸುಗೆ, ಕೊಂಡಿ, ಸವೆತ, ದುರಸ್ತಿ ಎಲ್ಲ ಇರುವುದು ಹಿಂಬದಿಯಲ್ಲೇ. ನನ್ನ ಗುರುಗಳು ಮೊದಲ ದಿನವೇ "ತಿರುಗಿಸಿ ನೋಡು" ಎಂದಿದ್ದರು. ನೋಡಿ ಸುಮ್ಮನಿರು ಅಂತಲೂ ಹೇಳಿದ್ದರೆ ಚೆನ್ನಾಗಿತ್ತು.

ಇದೆಲ್ಲ ಈಗ ನೆನಪಾಗಲು ಕಾರಣ ನಮ್ಮ ಭಾವನವರ ಮಗಳು. ಬೆಳೆದದ್ದು ನಮ್ಮ ಮನೆಯಲ್ಲೇ, ಈಗ ಹಡಪಸರದ ಒಂದು ಐಟಿ ಆಫೀಸಿನಲ್ಲಿದ್ದಾಳೆ. ಬಾರಾಮತಿ ಕಡೆಯ ಮರಾಠಿ ಹುಡುಗನನ್ನು ಮೆಚ್ಚಿದಳು. ವಿಜಾಪುರದಿಂದ ಬಂದು ನಮ್ಮ ಜೊತೆಗಿರುವ ಅತ್ತೆಯನ್ನು ಒಪ್ಪಿಸುವಷ್ಟರಲ್ಲಿ ಎಲ್ಲರೂ ಸುಸ್ತಾದೆವು. ಹುಡುಗನ ಅಜ್ಜಿ ಅದಕ್ಕಿಂತ ಗಟ್ಟಿ, ಆಕೆ ಒಪ್ಪಿದ್ದು ಕಬ್ಬು ಕಟಾವೆಲ್ಲ ಮುಗಿದ ಮೇಲೆ. ಕಡೆಗೂ ನಿಶ್ಚಯದ ದಿನ ಗೊತ್ತಾಯಿತು. ಆವತ್ತು ಸಂಜೆ ಹುಡುಗಿ ಚಿಕ್ಕಮ್ಮನಾದ ನನ್ನ ಪಕ್ಕ ಬಂದು ಕೂತಳು.

"ಕಾಕು, ನಿಮ್ಮ ಕಾಲಿಗೆ ಬೀಳ್ತೀನ್ರಿ. ಅವತ್ತೊಂದು ದಿನ ಯಾರ ಒಡವಿನೂ ತಿರುಗಿಸಿ ನೋಡಬ್ಯಾಡ್ರಿ. ಅವರ ಅಜ್ಜಿ ಈಗೂ ಬ್ಯಾಡ ಅನ್ನಾಕ ಒಂದು ನೆವ ಹುಡುಕಾಕತ್ತಾಳ."

"ನಾನೇನ ಸಣ್ಣ ಕೂಸೇನ?" ಅಂದೆ. ಹಿಂದಿನದೆಲ್ಲ ಆಕೆಗೆ ಗೊತ್ತಿತ್ತು.

ಹಳದಿ-ಕುಂಕು

ನಾವು ಈಗಿನ ಫ್ಲ್ಯಾಟಿಗೆ ಬಂದ ಹೊಸತು. ಸಂಕ್ರಾಂತಿಯ ಹಳದಿ-ಕುಂಕುವಿಗೆ, ಅಂದರೆ ಅರಿಶಿನ-ಕುಂಕುಮಕ್ಕೆ, ಪಕ್ಕದ ಮನೆಯಾಕೆ ಕರೆದಿದ್ದರು. ನಾನು ಒಡವೆಗಳಲ್ಲಿ ಡಾಕ್ಟರೇಟ್ ಮಾಡಿದವಳೆಂದು ಆಕೆ ಸೊಸೈಟಿಗೆಲ್ಲ ಸಾರಿಬಿಟ್ಟಿದ್ದರು. ಹೋಗಿ ನೋಡಿದರೆ, ಎಳ್ಳುಬೆಲ್ಲದ ತಟ್ಟೆಯ ಸುತ್ತ ಹೆಂಗಸರು ಕರವಸ್ತ್ರದಲ್ಲಿ ಬಳೆ, ಪಾಟಲಿ, ತೋಡೆ ಕಟ್ಟಿಕೊಂಡು ನನ್ನ ದಾರಿ ಕಾಯುತ್ತಿದ್ದರು.

"ಇದು ಅಸಲಿ ಹೌದೋ ಅಲ್ಲವೋ ನೋಡಿ ಹೇಳಿ, ಮ್ಯಾಡಮ್," ಎಂದರು ಒಬ್ಬರು ಮರಾಠಿಯಲ್ಲಿ.

ಗ್ರೀಕ್ ಚಿನ್ನ ನಾನು ಹೆಚ್ಚಾಗಿ ನೋಡಿರುವುದು ಗಾಜಿನ ಆಚೆಗೆ, ಇಲ್ಲವೇ ಫೋಟೋದಲ್ಲಿ. ಪುಣೆಯ ಲಕ್ಷ್ಮೀ ರಸ್ತೆಯ ಅಂಗಡಿಗಳ ಚಿನ್ನ ನೋಡಿರುವುದು ಬಿಲ್ ಕೊಡುವಾಗ ಅಷ್ಟೇ. ಅದನ್ನು ಒಪ್ಪಿಕೊಳ್ಳಲು ಸಂಕೋಚವಾಗಿ, ತಪ್ಪಿಸಿಕೊಳ್ಳುವ ಭರದಲ್ಲಿ, "ನನಗೆ ಗೊತ್ತಿರೋದು ಸತ್ತ ಹೆಂಗಸರ ಒಡವೆ ಮಾತ್ರ. ಗೋರಿಯಿಂದ ತೆಗೀತಾರಲ್ಲ, ಅಂಥವು," ಎಂದೆ.

ಮುತ್ತೈದೆಯರೆಲ್ಲ ಸೇರಿದ ಮನೆ. ಹಣೆಯ ಮೇಲೆ ಆಗಷ್ಟೇ ಹಚ್ಚಿದ ಕುಂಕುಮ. ಕರವಸ್ತ್ರಗಳು ಒಂದೊಂದಾಗಿ ಮತ್ತೆ ಗಂಟಾದವು. ನನ್ನ ಪಕ್ಕದಲ್ಲಿದ್ದಾಕೆ ಸೆರಗು ಎಳೆದುಕೊಂಡು ಆಚೆ ಸರಿದಳು. ನಾನು ಎಳ್ಳುಬೆಲ್ಲ ಬಾಯಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತೆ, ನುಂಗಲೂ ನಾಚಿಕೆಯಾಗುತ್ತಿತ್ತು. ಮರುದಿನ ಪಕ್ಕದ ಮನೆಯಾಕೆ ಹೇಳಿದರು, ಇಬ್ಬರು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರಂತೆ, ಒಬ್ಬರು ಬಳೆಗೂ ಸ್ನಾನ ಮಾಡಿಸಿದರಂತೆ.

ಪಿಎಂಟಿ ಬಸ್ಸಿನ ಬುಗಡಿ

ಒಂದು ದಿನ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಕಿವಿಯ ಮೇಲ್ತುದಿಯಲ್ಲಿ ಹಳೇ ಕಾಲದ ಮುತ್ತಿನ ಬುಗಡಿ. ರೋಮನ್ನರ ಕಿವಿಯೋಲೆಗಳ ಕೊಂಡಿಯ ಬಗ್ಗೆ ಆಗ ನಾನೊಂದು ಲೇಖನ ಬರೆಯುತ್ತಿದ್ದೆ. ಈ ಬುಗಡಿಯ ಹಿಂದೆ ತಿರುಪು ಇದೆಯೋ ಬರೀ ತಂತಿಯೋ ತಿಳಿಯಬೇಕೆನಿಸಿತು. ಸ್ವಲ್ಪ ಬಾಗಿದೆ. ಕಾಣಲಿಲ್ಲ. ಇನ್ನೂ ಸ್ವಲ್ಪ ಬಾಗಿದೆ. ಡ್ರೈವರ್ ಬ್ರೇಕ್ ಹಾಕಿದ, ನನ್ನ ಕನ್ನಡಕ ಹೋಗಿ ಆಕೆಯ ಕಿವಿಗೆ ತಗುಲಿತು.

ಆಕೆ ಕಿವಿ ಹಿಡಿದುಕೊಂಡು "ಚೋರ" ಅಂತ ಕೂಗಿದರು. ಬಸ್ಸೆಲ್ಲ ನನ್ನ ಕಡೆ ತಿರುಗಿತು. ಕಂಡಕ್ಟರ್ ಬಂದ. ನಾನು ಕಾಲೇಜಿನ ಗುರುತಿನ ಚೀಟಿ ತೆಗೆದುಕೊಟ್ಟೆ. ಅವನು ಅದರಲ್ಲಿದ್ದ "ಪ್ರಾಚೀನ ಆಭರಣ ಅಧ್ಯಯನ" ಎನ್ನುವುದನ್ನು ಎಲ್ಲರಿಗೂ ಕೇಳುವಂತೆ ಓದಿದ. ಹಿಂದಿನ ಬಾಗಿಲ ಹತ್ತಿರ ನನ್ನದೇ ಕ್ಲಾಸಿನ ಹುಡುಗಿ ನಿಂತಿದ್ದಳು. ಆಕೆಯಾದರೂ ಒಂದು ಮಾತು ಹೇಳಬಹುದೆಂದು ನೋಡಿದೆ. ಆಕೆ ಕಿಟಕಿಯಾಚೆಯ ಪುಣೆಯನ್ನು ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು.

ಕಂಡಕ್ಟರ್ ಚೀಟಿ ವಾಪಸು ಕೊಡುತ್ತ ಆ ಹೆಂಗಸಿಗೆ ಸಮಾಧಾನ ಹೇಳಿದ: "ಆಜಿ, ಜಪೂನ ಬಸಾ. ಆತಾ ಚೋರ ಪಣ ಶಿಕೂನ ಯೇತಾತ." ಹುಷಾರಾಗಿ ಕೂತ್ಕೊಳ್ಳಿ ಅಜ್ಜಿ, ಈಗ ಕಳ್ಳರೂ ಓದಿಕೊಂಡು ಬರ್ತಾರೆ ಅಂತ.

ರೋಮಿನ ನಾಗಪ್ಪ

ರೋಮಿನ ಹೆಂಗಸರು ತೋಳಿಗೆ ಹಾವಿನ ಆಕಾರದ ಬಂದಿ ಹಾಕುತ್ತಿದ್ದರು. ಕ್ಲಾಸಿನ ಮಕ್ಕಳಿಗೆ ತೋರಿಸಲೆಂದು ತಾಮ್ರ ಕೆಲಸದವರ ಕೇರಿ ತಾಂಬಟ ಆಳಿಯಲ್ಲಿ ಹಿತ್ತಾಳೆಯದೊಂದು ಮಾಡಿಸಿದೆ. ಅಳತೆ ಕೊಟ್ಟದ್ದು ಪುಸ್ತಕದಿಂದ. ಆ ಪುಸ್ತಕದ ಹೆಂಗಸು ಜೋಳದ ರೊಟ್ಟಿ ತಿಂದವಳಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ. ಕ್ಲಾಸಿನಲ್ಲಿ ದಮ್ಮು ಕಟ್ಟಿ ತೋಳಿಗೇರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಇಳಿಸಲು ಹೋದರೆ ಹಾವು ಜಪ್ಪಯ್ಯ ಅನ್ನಲಿಲ್ಲ.

ಸೋಪು ಹಚ್ಚಿದ್ದಾಯಿತು, ಎಣ್ಣೆ ಹಚ್ಚಿದ್ದಾಯಿತು. ತೋಳು ಕೆಂಪಗೆ ಬಾತುಕೊಂಡಿತು. ಶಾಲು ಹೊದ್ದು ಮನೆಗೆ ಬಂದೆ. ಅಂದು ನಾಗರ ಪಂಚಮಿ ಎನ್ನುವುದು ಮರೆತೇಹೋಗಿತ್ತು. ಅತ್ತೆ ಮಡಿಯಲ್ಲಿ, ಹಾಲಿನ ಬಟ್ಟಲು ಹಿಡಿದು, ನನಗಾಗಿಯೇ ಕಾಯುತ್ತಿದ್ದರು. ಶಾಲು ಜಾರಿತು. ಅತ್ತೆ ನನ್ನ ತೋಳನ್ನು ನೋಡಿದರು, ಹಾವು ಹೆಡೆಯೆತ್ತಿ ಅತ್ತೆಯನ್ನು ನೋಡಿತು.

"ಇದೇನಬೇ ಇದು?"

"ರೋಮ್ ದೇಶದ್ದ್ರಿ ಅತ್ತಿ. ತೋಳಾಗ ಸಿಕ್ಕೊಂಡದ."

"ಯಾವ ದೇಶದ್ದಾದ್ರೇನ, ನಾಗಪ್ಪ ನಾಗಪ್ಪನ. ಹಬ್ಬದ ದಿನ ಮನಿಗೆ ತಾನಾಗೇ ಬಂದಾನ. ಕೂಡು ಇಲ್ಲೆ."

ನನ್ನನ್ನು ಮಣೆಯ ಮೇಲೆ ಕೂರಿಸಿ, ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಪ್ಪನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲೂ ತೋಳಿಗೆ ಬೆಲ್ಲದ ಹಾಲು ಎರೆಯತೊಡಗಿದರು. ಹಬ್ಬಕ್ಕೆ ಬಂದಿದ್ದ ನೆಂಟರು ಸಾಲಾಗಿ ನಿಂತು ತಾವೂ ಎರೆದರು. ನನ್ನ ಸಹೋದ್ಯೋಗಿಗಳು ಯಾರಾದರೂ ಈ ಹೊತ್ತಿಗೆ ಬಾಗಿಲು ತಟ್ಟಿದರೆ ಏನು ಗತಿ ಎಂದು ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಊರಲ್ಲಿರುವ ಕಡೇ ನಾದಿನಿಯ ಪಾಲಿನ ಹೊತ್ತಿಗೆ ಹಾವು ನುಣ್ಣಗೆ ಜಾರಿ ಮಣೆಯ ಮೇಲೆ ಬಿತ್ತು. ಅತ್ತೆ ಕೈಮುಗಿದರು. ಅದೀಗ ನಮ್ಮ ದೇವರ ಜಗುಲಿಯ ಮೇಲಿದೆ. ಕ್ಲಾಸಿಗೆ ಬೇಕೆಂದು ಕೇಳಿದರೆ, "ಮಕ್ಕಳನ್ನ ಇಲ್ಲೇ ಕರಕೊಂಡು ಬಾ, ಸ್ನಾನ ಮಾಡಿಸಿ," ಎನ್ನುತ್ತಾರೆ.

ಅಜ್ಜಿಯ ಬೋರಮಾಳ

ಇಂಥ ನನ್ನನ್ನು ನಿಶ್ಚಯಕ್ಕೆ ಕರೆದುಕೊಂಡು ಹೋಗುವುದೋ ಬೇಡವೋ ಎಂಬ ಮಾತೂ ಮನೆಯಲ್ಲಿ ನಡೆಯಿತಂತೆ. ಕರೆದುಕೊಂಡು ಹೋದರು. ಅಲ್ಲಿಯ ಹಾಲ್‌ನಲ್ಲಿ ನಾನು ನನ್ನ ಕೈಗಳ ಮೇಲೆಯೇ ಕೂತೆ. ಹುಡುಗನ ತಾಯಿ ಮುಂದೆ ಸುಳಿದರೆ ಮೇಲೆ ತಿರುಗುವ ಫ್ಯಾನು ನೋಡಿದೆ. ಹುಡುಗಿ ದೂರದಿಂದ ಕಣ್ಣಲ್ಲೇ ಶಾಭಾಸ್ ಅಂದಳು.

ಕಡೆಗೆ ಅಜ್ಜಿ ಎದ್ದು ಬಂದರು. ಎತ್ತರದ ಆಳು, ಕಚ್ಚೆ ಸೀರೆ. ಕೊರಳಲ್ಲಿ ಚಿನ್ನದ ನಾಣ್ಯ ಪೋಣಿಸಿದ ದಪ್ಪ ಪುತ್ತಳಿ ಸರ, ಕೈಯಲ್ಲಿ ಹುಡುಗಿಗೆ ಹಾಕಲು ತಂದ ಬೋರಮಾಳ. ಬೋರೆಹಣ್ಣಿನಂಥ ಗುಂಡುಗಳ ಆ ಸರವನ್ನು ನೇರ ನನ್ನ ಮಡಿಲಲ್ಲಿ ಇಟ್ಟರು.

"ನೀವು ಒಡವೆ ಓದಿದವರಂತೆ. ನಮ್ಮ ಮನೆತನದ್ದು. ನೋಡಿ ನಿಮ್ಮವರಿಗೆಲ್ಲ ಹೇಳಿ," ಎಂದರು.

ಹುಡುಗಿ ಅಲ್ಲಿಂದಲೇ ಬೇಡ ಬೇಡ ಎಂದು ತಲೆಯಾಡಿಸಿದಳು. ನನ್ನ ಕೈ ಆಗಲೇ ಸರವನ್ನು ತಿರುಗಿಸಿಬಿಟ್ಟಿತ್ತು. ಒಳಗೆ ಅರಗು, ಮೇಲೆ ಈರುಳ್ಳಿ ಸಿಪ್ಪೆಯಂಥ ಚಿನ್ನದ ತಗಡು. ಅಷ್ಟು ತೆಳುವಾದ ಕೆಲಸ ನಾನು ಕೈಯಲ್ಲಿ ಹಿಡಿದದ್ದೇ ಇಲ್ಲ. ನಿಜಕ್ಕೂ ಮನಸ್ಸು ತುಂಬಿ ಬಂತು. ಹೊಗಳಬೇಕೆಂದೇ ಬಾಯಿ ತೆಗೆದೆ.

"ಎಷ್ಟು ತೆಳ್ಳಗಿದೆ ನೋಡಿ ಇದು. ಗ್ರೀಕರಲ್ಲಿ ಇಷ್ಟು ತೆಳುವಾದ ಚಿನ್ನವನ್ನ ಹೆಣದ ಮೈಮೇಲೆ ಇಡೋದಕ್ಕೇ ಅಂತ ಮಾಡ್ತಿದ್ದರು."

ಮರಾಠಿಯಲ್ಲಿ ಹೇಳಿದ್ದೆ, ಎಲ್ಲರಿಗೂ ಅರ್ಥವಾಗಲಿ ಅಂತ. ಎಲ್ಲರಿಗೂ ಅರ್ಥವಾಯಿತು. ನಮ್ಮ ಯಜಮಾನರು ಎದ್ದು ಚಪ್ಪಲಿ ಬಿಟ್ಟ ಕಡೆ ಹೋದರು. ಹುಡುಗಿಯ ಮುಖ ಬಿಳಚಿಕೊಂಡಿತ್ತು, ಕಣ್ಣು ತುಂಬಿತ್ತು. ಬೆಳೆಸಿದ ಮಗಳ ಮದುವೆಯನ್ನು ನನ್ನ ಬಾಯಿಂದಲೇ ಮುರಿದೆನಲ್ಲ ಎಂದು ನಾಚಿಕೆಗೆ ನನಗೆ ಕಿವಿ ಗುಯ್ಗುಡುತ್ತಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಅಜ್ಜಿಗೆ ಮಾತ್ರ ಕೇಳಿಸಿರಲಿಲ್ಲ. ಆಕೆಗೆ ಕಿವಿ ಮಂದ. "ಏನಂದರು?" ಎಂದು ಕೇಳಿದರು. ಆಗ ಹುಡುಗನ ತಾಯಿ ಮುಂದೆ ಬಂದು, ತಮ್ಮ ಅತ್ತೆಯ ಕಿವಿಗೆ ಬಾಯಿಟ್ಟು, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ, ಅಡುಗೆಯವರಿಗೂ ಕೇಳುವಂತೆ ಹೇಳಿದರು. ಅದು ನನ್ನ ಮೇಲಿನ ಸಿಟ್ಟು ಎಂದುಕೊಂಡೆ.

ಅಜ್ಜಿ ಸರವನ್ನು ನೋಡಿದರು. ನನ್ನನ್ನು ನೋಡಿದರು. ಹುಡುಗಿಯ ತುಂಬಿದ ಕಣ್ಣನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು.

"ಹಾಗಾದರೆ ಇದು ನನಗಿರಲಿ. ಹೋಗೋ ಕಾಲ ಹತ್ತಿರ ಬಂದಿರೋದು ನಂದು, ಆ ಕೂಸಿಂದಲ್ಲ," ಎಂದು ತಮ್ಮ ಕೊರಳಿನ ಪುತ್ತಳಿ ಸರ ತೆಗೆದು ಹುಡುಗಿಗೆ ಹಾಕಿದರು. ಬೋರಮಾಳವನ್ನು ತಮ್ಮ ಕೊರಳಿಗೆ ಏರಿಸಿ, "ಹೂಂ, ಪೇಢೆ ಹಂಚಿರಿ," ಎಂದರು.

ನಿಶ್ಚಯ ಆಯಿತು. ಹುಡುಗಿ ಬಂದು ನನ್ನನ್ನು ತಬ್ಬಿಕೊಂಡಳು. ನಾಣ್ಯಗಳೆಲ್ಲ ನನ್ನ ಎದೆಗೆ ಒತ್ತಿದವು, ಅವುಗಳ ಬೆನ್ನು ನೋಡುವ ಆಸೆಯನ್ನು ಆಣೆಯಿಟ್ಟು ತಡೆದೆ. ಆದರೂ ಹುಡುಗನ ತಾಯಿಗೆ ಮುಖ ತೋರಿಸುವ ಧೈರ್ಯ ನನಗಿರಲಿಲ್ಲ. ಪುತ್ತಳಿ ಸರ ನ್ಯಾಯವಾಗಿ ಸೊಸೆಯಾದ ಆಕೆಗೆ ಬರಬೇಕಾದದ್ದು. ಕೈ ತೊಳೆಯುವ ಜಾಗದಲ್ಲಿ ಆಕೆ ನನ್ನನ್ನು ಹಿಡಿದರು. ನಾನು ಕೈಮುಗಿದು, "ತಪ್ಪಾಯಿತು, ಓದಿನ ಚಾಳಿ," ಎಂದೆ.

ಆಕೆ ಆಚೀಚೆ ನೋಡಿ, ಸೆರಗಿನೊಳಗಿಂದ ತಮ್ಮ ಕೊರಳಿನ ಸರ ಹೊರಗೆಳೆದರು. ಅದೂ ಅಷ್ಟೇ ತೆಳ್ಳಗಿನ ಬೋರಮಾಳವೇ, ಆಕೆಯ ಮದುವೆಯಲ್ಲಿ ಅದೇ ಅಜ್ಜಿ ಹಾಕಿದ್ದು.

"ಇದನ್ನೂ ಒಂದು ಸಲ ತಿರುಗಿಸಿ ನೋಡಿ, ಇದರ ಬಗ್ಗೆಯೂ ಅದೇ ಮಾತು ಹೇಳಿ," ಎಂದರು. "ನೀವು ಮೆಲ್ಲಗೆ ಹೇಳಿದರೆ ಸಾಕು. ಅತ್ತೆಯ ಕಿವಿಗೆ ಹಾಕೋದು ನನಗೆ ಬಿಡಿ."